ಹಾಕಿ ಮೈದಾನದಲ್ಲಿ ‘ದಿ ಫ್ರೆಶ್‌ಮನ್’: ನೂರು ವರ್ಷದ ಮೂಕಿ ಚಿತ್ರವನ್ನು ಊರಿಗೆ ತೋರಿಸುವ ಬಗೆ

ಅಮೆರಿಕದ ಹಾಸ್ಯನಟ ಹೆರಾಲ್ಡ್ ಲಾಯ್ಡ್ ನಟಿಸಿದ, ಅಮೆರಿಕನ್ ಫುಟ್‌ಬಾಲ್ ಪಂದ್ಯದತ್ತ ಸಾಗುವ 1925ರ ‘ದಿ ಫ್ರೆಶ್‌ಮನ್’ ಚಿತ್ರವನ್ನು ಕೊಡಗಿನಲ್ಲಿ ತೋರಿಸಬೇಕೆಂದಿದ್ದರೆ ಸಭಾಂಗಣ ಹುಡುಕಿ ಅಲೆಯಬೇಡಿ. ಊರಿನ ಹಾಕಿ ಮೈದಾನಕ್ಕೇ ಹೋಗಿ. ಹಾಕಿ ಮೈದಾನದ ಉದ್ದ 100 ಗಜ. ಅಮೆರಿಕನ್ ಫುಟ್‌ಬಾಲ್‌ನಲ್ಲೂ ಈ ಗೋಲ್ ಗೆರೆಯಿಂದ ಆ ಗೋಲ್ ಗೆರೆಗೆ 100 ಗಜವೇ. ಎರಡರಲ್ಲೂ ತಂಡಕ್ಕೆ 11 ಜನ. ಪರದೆಯ ಮೇಲೆ ಹುಡುಗನೊಬ್ಬ ಚೆಂಡು ತಬ್ಬಿಕೊಂಡು ಓಡುವಾಗ ಎಷ್ಟು ದೂರ ಓಡಬೇಕು ಅನ್ನುವುದು ನೋಡುವವರ ಕಾಲಿಗೇ ಗೊತ್ತಿರುತ್ತದೆ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು 60 ಕುಟುಂಬಗಳನ್ನು ಸೇರಿಸಿ ಶುರುಮಾಡಿದ ಕೌಟುಂಬಿಕ ಹಾಕಿಯನ್ನು ಪ್ರತಿ ಬೇಸಿಗೆ ನೋಡುತ್ತ ಬೆಳೆದ ಊರಿಗೆ, ಬದಿಯ ಬೆಂಚಿನಲ್ಲಿ ಕೂತು ‘ನನ್ನನ್ನೂ ಇಳಿಸಿ’ ಎಂದು ಚಡಪಡಿಸುವವನ ಪಾಡನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕತೆ ಇಷ್ಟೇ. ಹೆರಾಲ್ಡ್ ಲ್ಯಾಂಬ್ ಎಂಬ ಹುಡುಗ ಕಾಲೇಜಿನ ಬಗ್ಗೆ ಒಂದು ಸಿನಿಮಾ ನೋಡಿ, ಅದರ ನಾಯಕ ಕೈಕುಲುಕುವ ಮೊದಲು ಹಾಕುವ ಕುಣಿತವನ್ನೇ ಕಲಿತು ಟೇಟ್ ಎಂಬ ಕಾಲೇಜಿಗೆ ಸೇರುತ್ತಾನೆ. ಎಲ್ಲರೂ ತನ್ನನ್ನು ಮೆಚ್ಚುತ್ತಿದ್ದಾರೆ ಅಂದುಕೊಂಡಿರುತ್ತಾನೆ. ನಿಜಕ್ಕೂ ಎಲ್ಲರೂ ನಗುತ್ತಿರುತ್ತಾರೆ. ಫುಟ್‌ಬಾಲ್ ತಂಡದಲ್ಲಿದ್ದೇನೆ ಅಂದುಕೊಂಡಿರುತ್ತಾನೆ. ನಿಜಕ್ಕೂ ನೀರು ಕೊಡುವ ಹುಡುಗ. ಕೊನೆಯ ಹದಿನೈದಿಪ್ಪತ್ತು ನಿಮಿಷ ಪಂದ್ಯ. ನಿಮ್ಮ ಏರ್ಪಾಡೆಲ್ಲ ಆ ಪಂದ್ಯ ಜನಕ್ಕೆ ದಕ್ಕಲಿ ಎಂದೇ ಇರಬೇಕು. ಹಾಗಂತ ಪಂದ್ಯದ ತುಣುಕನ್ನು ಮಾತ್ರ ಕತ್ತರಿಸಿ ತೋರಿಸಿದರೆ ನಗು ಹುಟ್ಟುವುದಿಲ್ಲ. ಚಿತ್ರ ಮಾಡಿದವರೇ ಮೊದಲು ಪಂದ್ಯದ ದೃಶ್ಯದಿಂದ ಚಿತ್ರೀಕರಣ ಶುರುಮಾಡಿ, ಅದು ಕೈಹಿಡಿಯದೆ, ಆಮೇಲೆ ಕತೆಯ ಆರಂಭಕ್ಕೆ ಮರಳಿದವರು. ಹುಡುಗ ಯಾರು ಅಂತ ಗೊತ್ತಾಗದೆ ಅವನು ಬಿದ್ದರೆ ಯಾರಿಗೆ ಏನು?

ಪ್ರತಿ ಆರಿಸುವಾಗ

ಫ್ರೆಡ್ ನ್ಯೂಮೇಯರ್ ಮತ್ತು ಸ್ಯಾಮ್ ಟೇಲರ್ ನಿರ್ದೇಶಿಸಿದ ಈ ಚಿತ್ರದ ಅಮೆರಿಕದ ಹಕ್ಕುಸ್ವಾಮ್ಯ 2020ರ ಕೊನೆಗೆ ಮುಗಿದಿದೆ. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಚಲನಚಿತ್ರಕ್ಕೆ ಇರುವುದು ಬಿಡುಗಡೆಯ ನಂತರ 60 ವರ್ಷ. ಹಾಗಾಗಿ ಮೂಲ ಚಿತ್ರ ಈಗ ಎಲ್ಲರದು. ಆದರೆ ಈಚಿನ ಡಿಸ್ಕ್‌ಗಳಲ್ಲಿರುವ ಹಿನ್ನೆಲೆ ಸಂಗೀತ ಹೊಸದಾಗಿ ಬರೆದದ್ದು, ಅದಕ್ಕೆ ಪ್ರತ್ಯೇಕ ಹಕ್ಕು ಇರುತ್ತದೆ. ಅದನ್ನು ಮ್ಯೂಟ್ ಮಾಡಿ ನಿಮ್ಮ ವಾದ್ಯ ನೀವೇ ನುಡಿಸಿಕೊಳ್ಳುವುದು ಕಾನೂನಿಗೂ ಒಳ್ಳೆಯದು, ರಸಕ್ಕೂ ಒಳ್ಳೆಯದು.

ಇಂಟರ್‌ನೆಟ್ಟಿನಲ್ಲಿ ಸಿಗುವ ಪ್ರತಿಗಳೆಲ್ಲ ಒಂದೇ ಗುಣಮಟ್ಟದವಲ್ಲ. ಮೂರು ಪರೀಕ್ಷೆ ಮಾಡಿ.

ಮೊದಲನೆಯದು ಉದ್ದ. ಚಿತ್ರ ಸುಮಾರು 76 ನಿಮಿಷ. ಅರುವತ್ತಕ್ಕೆ ಮುಗಿದರೆ ಎಲ್ಲೋ ಕತ್ತರಿ ಬಿದ್ದಿದೆ. ನೂರು ದಾಟಿದರೆ ವೇಗ ಇಳಿಸಿದ್ದಾರೆ. 35 ಎಂಎಂ ಫಿಲ್ಮಿನ ಒಂದು ಅಡಿಯಲ್ಲಿ 16 ಫ್ರೇಮು. ಸೆಕೆಂಡಿಗೆ 24 ಫ್ರೇಮಿನಂತೆ ಓಡಿಸಿದರೆ ನಿಮಿಷಕ್ಕೆ 90 ಅಡಿ, 16ರಂತೆ ಓಡಿಸಿದರೆ 60 ಅಡಿ. ಅಂದರೆ 76 ನಿಮಿಷದ್ದೇ 114 ನಿಮಿಷ ಎಳೆಯುತ್ತದೆ. ‘ಮೂಕಿ ಅಂದಮೇಲೆ ನಿಧಾನ ಮಾಡಬೇಕು’ ಎಂದು ಯಾರೋ ಎಲ್ಲೋ ಓದಿಕೊಂಡು ಪ್ಲೇಯರಿನ ವೇಗ ಇಳಿಸಲು ಬರುತ್ತಾರೆ. ಬಿಡಬೇಡಿ. ನಿಧಾನವಾದ ಹಾಸ್ಯ ತಣ್ಣಗಾದ ಕಾಫಿಯಂತೆ.

ಎರಡನೆಯದು ಆಕಾರ. ಚಿತ್ರದ ಚೌಕಟ್ಟು 4:3. ಇಂದಿನ ಅಗಲದ ಟಿವಿಗೆ ಹೊಂದಿಸಲು ಕೆಲವರು ಅಡ್ಡಕ್ಕೆ ಎಳೆದಿರುತ್ತಾರೆ, ಕೆಲವರು ತಲೆ ಕಾಲು ಕತ್ತರಿಸಿರುತ್ತಾರೆ. ಎಳೆದದ್ದನ್ನು ಹಿಡಿಯಲು ಲಾಯ್ಡ್‌ನ ಕನ್ನಡಕ ಸಾಕು. ಗಾಜಿಲ್ಲದ, ಬರೀ ದುಂಡನೆಯ ದಪ್ಪ ಚೌಕಟ್ಟಿನ ಕನ್ನಡಕ ಅದು. ಅವನು ಕ್ಯಾಮೆರಾಕ್ಕೆ ನೇರ ಮುಖ ಮಾಡಿದ ಕಡೆ ನಿಲ್ಲಿಸಿ, ಒಂದು ಕಣ್ಣಿನ ಚೌಕಟ್ಟನ್ನು ಸ್ಕೇಲಿನಿಂದ ಅಡ್ಡಕ್ಕೂ ಉದ್ದಕ್ಕೂ ಅಳೆಯಿರಿ. ಎರಡೂ ಹೆಚ್ಚುಕಡಿಮೆ ಸಮ ಬಂದರೆ ಎಳೆದಿಲ್ಲ. ಕೋಳಿಮೊಟ್ಟೆ ಮಲಗಿಸಿದ ಹಾಗೆ ಕಂಡರೆ ಚಿತ್ರ ಎಳೆದಿದೆ. ಪರದೆ ಕಟ್ಟಿದ ಮೇಲೆ ಪ್ರೊಜೆಕ್ಟರ್ ಸರಿಯಾಗಿ ಕೂತಿದೆಯೇ ಅಂತ ನೋಡಲೂ ಇದೇ ಕನ್ನಡಕ.

ಮೂರನೆಯದು ಅಕ್ಷರ ಫಲಕ. ಮಾತು ಬರುವ ಕಪ್ಪು ಫಲಕಗಳು ಮೂಲದವೇ, ಪೂರ್ತಿ ಇವೆಯೇ ನೋಡಿ. ಫಲಕ ಹಾರಿಸಿದ ಪ್ರತಿಗಳಲ್ಲಿ ಅರ್ಧ ಜೋಕು ಹಾರಿಹೋಗಿರುತ್ತದೆ.

ಅನುಮತಿಯ ಮಾತು: ಸಾರ್ವಜನಿಕ ಪ್ರದರ್ಶನಕ್ಕೆ 1952ರ ಸಿನಿಮಾಟೋಗ್ರಾಫ್ ಕಾಯ್ದೆಯಡಿ ಪ್ರಮಾಣಪತ್ರ ಬೇಕಾಗುತ್ತದೆ. ಟಿಕೆಟ್ ಇಟ್ಟು ಊರಿಗೆಲ್ಲ ಬಾಗಿಲು ತೆರೆಯುವ ಮೊದಲು ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿ. ಒಕ್ಕದ (ಕೊಡವ ಮನೆತನದ) ಕೂಟ, ಶಾಲೆ, ಕ್ಲಬ್ಬಿನ ಸದಸ್ಯರಿಗೆ ಮಾತ್ರ ಅಂತ ಇಟ್ಟುಕೊಂಡರೂ ಮೈಕಿಗೆ ಪೊಲೀಸ್ ಠಾಣೆಯ ಒಪ್ಪಿಗೆ ತೆಗೆದುಕೊಳ್ಳಿ. ರಾತ್ರಿ 10ರ ನಂತರ ಬಯಲಲ್ಲಿ ಧ್ವನಿವರ್ಧಕ ಇಲ್ಲ.

ಯಾವಾಗ, ಎಲ್ಲಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಾತೇ ಬೇಡ. ಅಕ್ಟೋಬರ್‌ನಲ್ಲೂ ಮಳೆ ಹೇಳಿ ಬರುವುದಿಲ್ಲ. ಮಾರ್ಚ್ ಏಪ್ರಿಲ್‌ನಲ್ಲಿ ಕಾಫಿ ಅರಳಿಸುವ ಹೂಮಳೆಗೆ ತೋಟದವರೆಲ್ಲ ಆಕಾಶ ನೋಡುತ್ತಿರುತ್ತಾರೆ, ನೀವೊಬ್ಬರೇ ‘ಬರದಿರಲಿ’ ಎಂದು ಬೇಡಿಕೊಳ್ಳುವುದು ಚೆನ್ನಾಗಿರುವುದಿಲ್ಲ. ಜೊತೆಗೆ ಮೊದಲ ಮಳೆ ಬಿದ್ದ ಸಂಜೆ ರೆಕ್ಕೆ ಬಂದ ಗೆದ್ದಲು ಬೆಳಕಿಗೆ ಮುತ್ತಿ ಪ್ರೊಜೆಕ್ಟರಿನ ಗಾಳಿಕಿಂಡಿಯೊಳಗೆ ತುಂಬಿಕೊಳ್ಳುತ್ತದೆ. ಕೊಡಗಿನ ಸುಗ್ಗಿ ಹಬ್ಬ ಪುತ್ತರಿ ಕಳೆದ ಮೇಲೆ ಡಿಸೆಂಬರ್ ಕೊನೆಯಿಂದ ಫೆಬ್ರುವರಿವರೆಗೆ ಒಳ್ಳೆಯ ಕಾಲ. ಒಂದೇ ತೊಡಕು, ಅದು ಕಾಫಿ ಕೊಯ್ಲಿನ ಕಾಲ. ಸಿಮೆಂಟಿನ ಕಣ ನೆಲ ಸಮ ಇರುವುದರಿಂದ ಪ್ರದರ್ಶನಕ್ಕೆ ಹೇಳಿ ಮಾಡಿಸಿದ ಜಾಗ ಅನ್ನಿಸುತ್ತದೆ, ಆದರೆ ಆಗ ಅಲ್ಲಿ ಕಾಫಿ ಒಣಗುತ್ತಿರುತ್ತದೆ. ಕಣದ ಕನಸು ಬಿಟ್ಟು ಟಾರ್ಪಾಲನ್ನು ಮಾತ್ರ ಕೇಳಿ ಪಡೆಯಿರಿ. ಅದೂ ರಾತ್ರಿ ಕಾಫಿ ಮುಚ್ಚಲು ಬೇಕಾದದ್ದೇ, ಹಾಗಾಗಿ ವಾರ ಮೊದಲೇ ಹೇಳಿಡಿ.

ಮಡಿಕೇರಿಯಂಥ ಎತ್ತರದ ಕಡೆ ಸಂಜೆ ಮಂಜು ಮೈದಾನಕ್ಕೇ ಇಳಿದುಬಿಡುತ್ತದೆ. ಮಂಜಿನಲ್ಲಿ ಪ್ರೊಜೆಕ್ಟರಿನ ಬೆಳಕು ದಾರಿಯಲ್ಲೇ ಚದುರಿ ಪರದೆಯ ಮೇಲೆ ಕಪ್ಪೆಲ್ಲ ಬೂದಿಯಾಗುತ್ತದೆ. ಇದಕ್ಕೆ ಮದ್ದಿಲ್ಲ. ಅಲ್ಲಿ ಶಾಲೆಯ ಹಾಲ್ ಒಂದನ್ನು ಬದಲಿಗೆ ಗೊತ್ತುಮಾಡಿಟ್ಟಿರಿ. ಕುಶಾಲನಗರದ ಕಡೆ ಒಣಹವೆ, ಬಯಲು ಪ್ರದರ್ಶನಕ್ಕೆ ಧೈರ್ಯ ಮಾಡಬಹುದು. ತಿತಿಮತಿ, ಮಾಲ್ದಾರೆ, ಸಿದ್ದಾಪುರದ ಸುತ್ತ ಆನೆಯದೇ ಯೋಚನೆ. ಜನ ಕತ್ತಲಲ್ಲಿ ನಡೆದು ಹೋಗಬಾರದು. ಪಿಕಪ್ಪೋ ಜೀಪೋ ಗೊತ್ತುಮಾಡಿ, ಎಂಟೂವರೆಯೊಳಗೆ ಮುಗಿಸಿ. ಜನವರಿಯಲ್ಲಿ ಸೂರ್ಯ ಮುಳುಗುವುದು ಆರೂ ಕಾಲರ ಮೇಲೆ, ಪರದೆಗೆ ಬೇಕಾದಷ್ಟು ಕತ್ತಲಾಗುವುದು ಆರೂ ಐವತ್ತರ ಹೊತ್ತಿಗೆ. ಆಗ ಶುರುಮಾಡಿ ಹತ್ತು ನಿಮಿಷ ವಿರಾಮ ಕೊಟ್ಟರೂ ಎಂಟೂ ಇಪ್ಪತ್ತಕ್ಕೆ ಮುಗಿಯುತ್ತದೆ.

ಸನ್ಮಾನ, ಹಾರ, ಅತಿಥಿಗಳ ಎರಡು ಮಾತು ಇವೆಲ್ಲ ಕತ್ತಲಾಗುವ ಮೊದಲೇ ಮುಗಿಯಲಿ. ತಪ್ಪಿಸಲಿಕ್ಕಂತೂ ಆಗುವುದಿಲ್ಲ, ಬೆಳಕಿನಲ್ಲಿ ಮಾಡಿಕೊಂಡರೆ ನಷ್ಟವೂ ಇಲ್ಲ.

ಪರದೆ

ಇನ್ನೂರು ಜನಕ್ಕೆ 12 ಅಡಿ ಅಗಲ, 9 ಅಡಿ ಎತ್ತರದ ಚಿತ್ರ ಸಾಕು. ಸುತ್ತ ಒಂದೊಂದು ಅಡಿ ಅಂಚು ಬಿಟ್ಟು 14ಕ್ಕೆ 11 ಅಡಿಯ ಬಟ್ಟೆ ಹೊಲಿಸಿ. ಹೊಳಪಿಲ್ಲದ ಬಿಳಿ ಬಟ್ಟೆ ಎರಡು ಪದರ ಹಾಕಿ. ಒಂದೇ ಪದರವಾದರೆ ಬೆಳಕು ಅರ್ಧ ಹಿಂದಕ್ಕೆ ಸೋರಿಹೋಗುತ್ತದೆ. ಫ್ಲೆಕ್ಸ್ ಅಗ್ಗ, ಆದರೆ ಹೊಳೆಯುವ ಫ್ಲೆಕ್ಸಿನಲ್ಲಿ ನಡುವೆ ಕೂತವರಿಗೆ ಪ್ರೊಜೆಕ್ಟರಿನ ಬೆಳಕೇ ಚುಚ್ಚುತ್ತದೆ, ಬದಿಯವರಿಗೆ ಮಬ್ಬು. ಅಂಗಡಿಯಲ್ಲಿ ಮೊಬೈಲಿನ ಟಾರ್ಚ್ ಬಿಟ್ಟು ನೋಡಿ. ಟಾರ್ಚಿನ ಚುಕ್ಕೆ ಪ್ರತಿಫಲಿಸಿದರೆ ಬೇಡ.

ಜನ ಕುರ್ಚಿಯಲ್ಲಿ ಕೂರುವುದಾದರೆ ಚಿತ್ರದ ಕೆಳಅಂಚು ನೆಲದಿಂದ 5 ಅಡಿ ಮೇಲಿರಲಿ, ಚಾಪೆಯಲ್ಲಾದರೆ 3 ಅಡಿ. ಐದು ಮತ್ತು ಒಂಬತ್ತು ಸೇರಿ ಹದಿನಾಲ್ಕು, ಮೇಲಿನ ಅಂಚಿಗೆ ಒಂದು, ನೆಲದೊಳಗೆ ಎರಡು. ಅಲ್ಲಿಗೆ 17 ಅಡಿ ಆಯಿತು, 18 ಅಡಿಯ ಬಿದಿರೋ ಜಿಐ ಪೈಪೋ ತರಿಸಿ. ತೋಟದಲ್ಲಿ ಎರಡು ಸಿಲ್ವರ್ ಓಕ್ ಹದಿನಾರು ಹದಿನೆಂಟು ಅಡಿ ಅಂತರದಲ್ಲಿ ನಿಂತಿದ್ದರೆ ಕಂಬದ ಖರ್ಚೇ ಇಲ್ಲ. ಮೈದಾನದಲ್ಲಿ ಕಂಬಕ್ಕೆ ಹಿಂದೆ ಮುಂದೆ ಹಗ್ಗ ಬಿಗಿದು ಗೂಟ ಹೊಡೆಯಿರಿ, ಹಗ್ಗ ನೆಲಕ್ಕೆ 45 ಡಿಗ್ರಿ ಓರೆಯಲ್ಲಿರಲಿ. ಹಗ್ಗಕ್ಕೆ ಬಿಳಿ ಬಟ್ಟೆಯ ಚೂರು ಕಟ್ಟಿ, ಇಲ್ಲದಿದ್ದರೆ ಓಡುವ ಮಕ್ಕಳು ಎಡವುತ್ತಾರೆ.

ಬಟ್ಟೆಯ ಅಂಚಿಗೆ ಎರಡೆರಡು ಅಡಿಗೊಂದು ಐಲೆಟ್ (ಹಗ್ಗ ಪೋಣಿಸುವ ಲೋಹದ ಬಳೆ) ಹಾಕಿಸಿ. ಐಲೆಟ್ಟಿಗೆ ನೇರ ಹಗ್ಗ ಕಟ್ಟಬೇಡಿ. ಹಳೇ ಸೈಕಲ್ ಟ್ಯೂಬನ್ನು ಬಳೆ ಬಳೆಯಾಗಿ ಕತ್ತರಿಸಿ ನಡುವೆ ಹಾಕಿ. ನೂರಕ್ಕೂ ಹೆಚ್ಚು ಚದರಡಿಯ ಬಟ್ಟೆ ಗಾಳಿ ಬಂದರೆ ಹಾಯಿಯಂತೆ ಎಳೆಯುತ್ತದೆ. ಟ್ಯೂಬ್ ಹಿಗ್ಗಿ ಸುಮ್ಮನಾಗುತ್ತದೆ, ಬರೀ ಹಗ್ಗವಾದರೆ ಐಲೆಟ್ಟೇ ಕಿತ್ತು ಬರುತ್ತದೆ. ಇಬ್ಬನಿಗೆ ಬಟ್ಟೆ ಜೋತುಬಿದ್ದಾಗ ಅದನ್ನು ಮತ್ತೆ ಬಿಗಿ ಮಾಡಿ ಹಿಡಿಯುವುದೂ ಟ್ಯೂಬೇ.

ಪ್ರೊಜೆಕ್ಟರಿನ ಲೆಕ್ಕ ತಪ್ಪುವ ಕಡೆ

ಇಲ್ಲಿ ಹೆಚ್ಚಿನವರು ಎಡವುತ್ತಾರೆ. ಈಗಿನ ಪ್ರೊಜೆಕ್ಟರುಗಳ ಚಿತ್ರ 16:9. ನಮ್ಮ ಚಿತ್ರ 4:3. ಅದು ಪ್ರೊಜೆಕ್ಟರಿನ ನಡುಭಾಗದಲ್ಲಿ ಮಾತ್ರ ಕೂರುತ್ತದೆ, ಎಡಬಲಕ್ಕೆ ಕಪ್ಪು ಪಟ್ಟಿ. ಹಾಗಾಗಿ ದೂರ ಲೆಕ್ಕ ಹಾಕುವಾಗ ಅಗಲ 12 ಅಡಿ ಅಂತ ಹಿಡಿದರೆ ಚಿತ್ರ ಪರದೆಗಿಂತ ಚಿಕ್ಕದಾಗುತ್ತದೆ. ಎತ್ತರ 9 ಅಡಿ ಬರಬೇಕಾದರೆ ಪ್ರೊಜೆಕ್ಟರಿನ ಪೂರ್ತಿ ಅಗಲ 16 ಅಡಿ ಆಗಬೇಕು. ಥ್ರೋ ರೇಶಿಯೋ, ಅಂದರೆ ಚಿತ್ರದ ಅಗಲದ ಎಷ್ಟು ಪಟ್ಟು ದೂರ ಬೇಕು ಎಂಬ ಲೆಕ್ಕ, 1.5 ಇದ್ದರೆ 16ನ್ನು 1.5ರಿಂದ ಗುಣಿಸಿ, ಪರದೆಯಿಂದ 24 ಅಡಿ ದೂರ. ಬದಿಯ ಕಪ್ಪು ಪಟ್ಟಿಗಳು ಪರದೆಯಾಚೆಗೆ ಬೀಳುತ್ತವೆ, ಬೀಳಲಿ.

ಬೆಳಕಿನಲ್ಲೂ ಇದೇ ನಷ್ಟ. 3000 ಲ್ಯುಮೆನ್ ಎಂದು ಬರೆದಿದ್ದರೆ ನಿಮ್ಮ ಚಿತ್ರಕ್ಕೆ ಸಿಗುವುದು ಮುಕ್ಕಾಲು ಪಾಲು, 2250. ನಿಜವಾದ ಕತ್ತಲೆ ಇದ್ದರೆ 12 ಅಡಿಗೆ ಅಷ್ಟು ಧಾರಾಳ ಸಾಕು. ಶಾಲೆಯ ಬೀರುವಿನಲ್ಲಿ ಧೂಳು ತಿನ್ನುತ್ತಿರುವ ಹಳೇ ಎಕ್ಸ್‌ಜಿಎ ಪ್ರೊಜೆಕ್ಟರ್ ಇದ್ದರೆ ಇನ್ನೂ ಒಳ್ಳೆಯದು. ಅದರ ಚಿಪ್ಪೇ 4:3, ಒಂದು ಹನಿ ಬೆಳಕೂ ವ್ಯರ್ಥವಿಲ್ಲ. ಅದೇ 1.5 ಥ್ರೋಗೆ 18 ಅಡಿ ದೂರ ಸಾಕು. ಫಿಲ್ಟರ್ ತೆಗೆದು ಬ್ರಶ್ಶಿನಿಂದ ಧೂಳು ಹೊಡೆದು ತನ್ನಿ.

ಪ್ರೊಜೆಕ್ಟರ್ ಪರದೆಗೆ ನೇರ ಇರಲಿ. ಓರೆಯಾಗಿಟ್ಟು ಕೀಸ್ಟೋನ್ ಬಟನ್ ಒತ್ತಿ ಸರಿಮಾಡಿದರೆ ಅಕ್ಷರದ ಅಂಚು ಹರಿದಂತಾಗುತ್ತದೆ. ಮೂಕಿಯಲ್ಲಿ ಅಕ್ಷರವೇ ಮಾತು. ಮೈದಾನದ ಹೈಮಾಸ್ಟ್ ದೀಪದ ಸ್ವಿಚ್ ಯಾರ ಕೈಯಲ್ಲಿದೆ ಅಂತ ಮೊದಲ ದಿನವೇ ಪತ್ತೆಮಾಡಿ. ಏಳು ಗಂಟೆಗೆ ತಾನೇ ಹೊತ್ತಿಕೊಳ್ಳುವ ಟೈಮರ್ ಇದ್ದರೆ ಇಡೀ ಏರ್ಪಾಡು ಕೆಡುತ್ತದೆ.

ಇಬ್ಬನಿ ಮತ್ತು ಕರೆಂಟು

ಜನವರಿಯ ರಾತ್ರಿ ಏಳರ ನಂತರ ಇಬ್ಬನಿ ಕೂರಲು ಶುರು. ತಣ್ಣಗಿರುವ ಲೆನ್ಸಿನ ಮೇಲೆ ಮೊದಲು ಕೂರುತ್ತದೆ. ಆರೂವರೆಗೇ ಪ್ರೊಜೆಕ್ಟರ್ ಹೊತ್ತಿಸಿ ಬೆಚ್ಚಗಾಗಲು ಬಿಡಿ, ಲೆನ್ಸಿನ ಮುಚ್ಚಳ ಮಾತ್ರ ತೆಗೆದಿರಿ. ಮೇಲೆ ದೊಡ್ಡ ಛತ್ರಿಯನ್ನು ಎರಡು ಅಡಿ ಎತ್ತರದಲ್ಲಿ ಕಟ್ಟಿ. ಪ್ಲಾಸ್ಟಿಕ್ ಹೊದಿಸಿದರೆ ಬಿಸಿಗಾಳಿ ಹೋಗಲು ದಾರಿಯಿಲ್ಲದೆ ಅರ್ಧ ಗಂಟೆಯಲ್ಲಿ ತಾನೇ ಆರುತ್ತದೆ. ವೈರು ಸೇರುವ ಕಡೆಗಳನ್ನೆಲ್ಲ ಇಟ್ಟಿಗೆಯ ಮೇಲೆ ಎತ್ತಿಡಿ. ಹುಲ್ಲಿನ ಮೇಲೆ ಮಲಗಿದ ಎಕ್ಸ್‌ಟೆನ್ಶನ್ ಬೋರ್ಡ್ ಒದ್ದೆಯಾಗಿ ಶಾಕ್ ಹೊಡೆಯುತ್ತದೆ.

ಪ್ರೊಜೆಕ್ಟರ್ 300 ವ್ಯಾಟ್, ಆಂಪ್ಲಿಫೈಯರ್ 250, ಲ್ಯಾಪ್‌ಟಾಪ್ 65, ದಾರಿಯ ಒಂದೆರಡು ಬಲ್ಬು. ಎಲ್ಲ ಸೇರಿ 750 ವ್ಯಾಟಿನೊಳಗೆ. 2 ಕೆವಿಎ ಜನರೇಟರ್ ಬೇಕಾದಷ್ಟಾಯಿತು. ಅದನ್ನು ನೂರಡಿ ದೂರ, ಯಾವುದಾದರೂ ಗೋಡೆಯ ಮರೆಗೆ ಇಡಿ. ಕರೆಂಟು ಹೋಗಿ ಜನರೇಟರ್ ಎತ್ತಿಕೊಳ್ಳುವ ಆ ಹತ್ತಿಪ್ಪತ್ತು ಸೆಕೆಂಡಿಗೆ ಪ್ರೊಜೆಕ್ಟರ್ ಆರಬಾರದು. ಆರಿದರೆ ಬಿಸಿಯಾದ ಬಲ್ಬಿಗೆ ಫ್ಯಾನಿಲ್ಲದೆ ಪೆಟ್ಟು, ಮತ್ತೆ ಹೊತ್ತಿಕೊಳ್ಳಲು ಐದು ನಿಮಿಷ. ಪ್ರೊಜೆಕ್ಟರ್ ಮತ್ತು ಲ್ಯಾಪ್‌ಟಾಪಿಗೆ 1 ಕೆವಿಎ ಯುಪಿಎಸ್ ಕೊಡಿ. 600 ವಿಎಯದು ಸುಮಾರು 360 ವ್ಯಾಟ್ ಮಾತ್ರ ಹೊರುತ್ತದೆ, ನಿಮ್ಮ ಭಾರ 365. ಅದು ಕೀ ಕೀ ಅಂದು ಕೈಕೊಡುತ್ತದೆ. ತೋಟದ ಲೈನಿನ ಕೊನೆಯಲ್ಲಿ ವೋಲ್ಟೇಜ್ ತೀರ ಇಳಿದಿದ್ದರೆ ಮೊದಲಿಂದ ಕೊನೆವರೆಗೆ ಜನರೇಟರಿನಲ್ಲೇ ನಡೆಸಿ.

ಫಲಕಗಳ ಕನ್ನಡ

ಕೊಡವ ತಕ್ಕ್, ಅರೆಭಾಷೆ, ಕನ್ನಡ, ಮಲಯಾಳ, ತುಳು, ತಮಿಳು ಇಷ್ಟೂ ಒಂದೇ ಮೈದಾನದಲ್ಲಿ ಕೂರುವ ಊರಿಗೆ ಮೂಕಿಗಿಂತ ಹೊಂದುವ ಸಿನಿಮಾ ಇಲ್ಲ. ಆದರೂ ಫಲಕದ ಮಾತು ಮುಟ್ಟಬೇಕು. ದಾರಿ ಎರಡು: ಕೆಳಗೆ ಕನ್ನಡ ಅಕ್ಷರ, ಇಲ್ಲವೇ ಪಕ್ಕದಲ್ಲಿ ನಿಂತು ಓದುವ ಒಬ್ಬರು. ಜಪಾನಿನಲ್ಲಿ ಮೂಕಿಯ ಕಾಲದಲ್ಲಿ ಇಂಥವರನ್ನು ಬೆನ್‌ಶಿ ಎನ್ನುತ್ತಿದ್ದರು, ಜನ ಅವರ ಹೆಸರು ನೋಡಿಯೇ ಸಿನಿಮಾಕ್ಕೆ ಬರುತ್ತಿದ್ದರು. ಓದಲು ಬಾರದ ಚಿಕ್ಕವರೂ ಕನ್ನಡಕ ಮರೆತು ಬಂದ ಹಿರಿಯರೂ ಇರುವುದರಿಂದ ಓದುವವರು ಇರಲೇಬೇಕು ಅನ್ನುವುದು ನಮ್ಮ ಅಭಿಪ್ರಾಯ.

ಅಕ್ಷರ ಹಾಕುವುದಾದರೆ ಯೂನಿಕೋಡಿನಲ್ಲೇ ಟೈಪ್ ಮಾಡಿ, ಎಸ್‌ಆರ್‌ಟಿ (ಸಬ್‌ಟೈಟಲ್) ಕಡತವನ್ನು ಯುಟಿಎಫ್-8 ಎಂದು ಉಳಿಸಿ. ನುಡಿಯ ಹಳೇ ಆಸ್ಕಿ ಫಾಂಟಿನಲ್ಲಿ ಹೊಡೆದದ್ದು ಪರದೆಯ ಮೇಲೆ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನವಾಗಿ ಬರುತ್ತದೆ. ವಿಎಲ್‌ಸಿ ಪ್ಲೇಯರಿನಲ್ಲಿ ಸಬ್‌ಟೈಟಲ್ ಫಾಂಟ್ ‘ನೋಟೋ ಸ್ಯಾನ್ಸ್ ಕನ್ನಡ’ ಮಾಡಿ. ‘ಸ್ಪ್ರಿಂಗ್’, ‘ಪ್ರ್ಯಾಕ್ಟೀಸ್’ ಇಂಥ ಒತ್ತಕ್ಷರದ ಪದಗಳನ್ನು ಓಡಿಸಿ ನೋಡಿ, ಒತ್ತು ಬಿಟ್ಟು ಬಿದ್ದಿದ್ದರೆ ಅಕ್ಷರವನ್ನು ಚಿತ್ರದೊಳಗೇ ಅಚ್ಚುಹಾಕಿಸಿ. ಸಾಲಿಗೆ ಮೂವತ್ತು ಅಕ್ಷರ, ಎರಡೇ ಸಾಲು. ಇದಕ್ಕಿಂತ ಹೆಚ್ಚಾದರೆ ಓದಿ ಮುಗಿಸುವಷ್ಟರಲ್ಲಿ ಫಲಕ ಹೋಗಿರುತ್ತದೆ.

ಅನುವಾದದಲ್ಲಿ ಸರ್ಕಾರಿ ಕನ್ನಡ ಬಂತೋ ನಗು ಸತ್ತಿತು. ಟೇಟ್ ಕಾಲೇಜನ್ನು ಪರಿಚಯಿಸುವ ಫಲಕವನ್ನೇ ತೆಗೆದುಕೊಳ್ಳಿ. ‘ಕಾಲೇಜೊಂದನ್ನು ಹೊಂದಿರುವ ಬೃಹತ್ ಫುಟ್‌ಬಾಲ್ ಕ್ರೀಡಾಂಗಣ’ ಎಂದು ಬರೆದರೆ ಅರ್ಥ ತಪ್ಪಿಲ್ಲ, ಆದರೆ ಯಾರೂ ನಗುವುದಿಲ್ಲ. ‘ದೊಡ್ಡದೊಂದು ಫುಟ್‌ಬಾಲ್ ಮೈದಾನ. ಪಕ್ಕದಲ್ಲಿ ಒಂದು ಕಾಲೇಜೂ ಇದೆ’ ಅನ್ನಿ. ಆ ‘ಕಾಲೇಜೂ’ ಎಂಬುದರ ದೀರ್ಘದಲ್ಲೇ ಜೋಕು ಇದೆ. ಓದುವವರು ಅಲ್ಲಿ ಅರೆಕ್ಷಣ ತಡೆದು ಓದಬೇಕು. ಹೆರಾಲ್ಡ್ ಕುಣಿದು ಕೈನೀಡುವಾಗ ಹೇಳುವ ಮಾತು ಚಿತ್ರದುದ್ದಕ್ಕೂ ಮತ್ತೆ ಮತ್ತೆ ಬರುತ್ತದೆ. ‘ನಾನೂ ನಿಮ್ಮಂಥವನೇ, ಬನ್ನಿ, ಸ್ಪೀಡಿ ಅಂತಲೇ ಕರೀರಿ’ ಎಂದು ಒಮ್ಮೆ ಗೊತ್ತುಮಾಡಿಕೊಂಡರೆ ಒಂದಕ್ಷರವನ್ನೂ ಬದಲಿಸಬೇಡಿ. ಮೂರನೆಯ ಸಲಕ್ಕೆ ಮಕ್ಕಳೇ ಜೊತೆಗೆ ಹೇಳುತ್ತಾರೆ.

ಓದುವವರಿಗೆ ಎರಡೇ ನಿಯಮ. ಫಲಕ ಇರುವಾಗ ಮಾತ್ರ ಮಾತು. ಜೋಕನ್ನು ವಿವರಿಸಕೂಡದು. ಎರಡನೆಯದನ್ನು ಪಾಲಿಸುವವರು ಕಡಿಮೆ.

ಆಟ ಗೊತ್ತಿಲ್ಲದವರಿಗೆ ಐದು ನಿಮಿಷ

ಶುರುವಿನಲ್ಲಿ ಆಟದ ನಿಯಮ ಹೇಳಿ, ಆದರೆ ನಾಲ್ಕೇ ಸಂಗತಿ. ಚೆಂಡನ್ನು ಕೈಯಲ್ಲಿ ಹಿಡಿದು ಓಡಬಹುದು. ಹಿಡಿದವನನ್ನು ಮೈಮೇಲೆ ಬಿದ್ದು ಕೆಡವಬಹುದು. ನಾಲ್ಕು ಅವಕಾಶದೊಳಗೆ 10 ಗಜ ಮುಂದೆ ಹೋಗಬೇಕು, ಆಗದಿದ್ದರೆ ಚೆಂಡು ಎದುರಾಳಿಗೆ. ಗೆರೆ ದಾಟಿಸಿದರೆ ಟಚ್‌ಡೌನ್, 6 ಅಂಕ. 30 ಅಡಿಯ ಹಗ್ಗ ತಂದು ಪರದೆಯ ಮುಂದೆ ಇಬ್ಬರು ಹುಡುಗರ ಕೈಯಲ್ಲಿ ಹಿಡಿಸಿ, 10 ಗಜ ಅಂದರೆ ಇಷ್ಟೇ ಎಂದು ತೋರಿಸಿ. ಇನ್ನೊಬ್ಬ ತೆಂಗಿನಕಾಯಿ ತಬ್ಬಿಕೊಂಡು ಅದನ್ನು ದಾಟಲಿ. ಆ ಚೆಂಡು ದುಂಡಗಿಲ್ಲ, ಸಿಪ್ಪೆ ಬಿಡಿಸದ ಸಣ್ಣ ಕಾಯಿಯ ಆಕಾರವೇ.

ಐದನೆಯದೊಂದು ಇದೆ, ಅದನ್ನು ಮೊದಲೇ ಹೇಳಿಬಿಡಬೇಡಿ. ಸೀಟಿ ಊದಿದರೆ ಆಟ ನಿಂತಂತೆ, ಚೆಂಡು ಬಿಡಬೇಕು. ಪಂದ್ಯದಲ್ಲಿ ಸೀಟಿ ಊದಿದ ಮೇಲೂ ಹೆರಾಲ್ಡ್ ಚೆಂಡು ಬಿಡದೆ ಅಂಟಿಕೊಂಡಿದ್ದಕ್ಕೆ ರೆಫರಿ ಗದರುತ್ತಾನೆ. ಆಮೇಲೆ ಗೆರೆಯ ಹತ್ತಿರ ಓಡುತ್ತಿರುವಾಗ ದೂರದ ಕಾರ್ಖಾನೆಯ ಸೀಟಿ ಕೂಗುತ್ತದೆ, ವಿಧೇಯ ಹುಡುಗ ಚೆಂಡು ಕೈಬಿಡುತ್ತಾನೆ. ನಿಯಮವನ್ನು ಚಿತ್ರವೇ ಕಲಿಸುತ್ತದೆ. ನೀವು ಮೊದಲೇ ಕಲಿಸಿದರೆ ಆ ಬೆಚ್ಚಿಬೀಳುವ ಕ್ಷಣ ಹೋಯಿತು.

‘ಫ್ರೆಶ್‌ಮನ್’ ಅಂದರೆ ಮೊದಲ ವರ್ಷದವನು ಅಂದರಾಯಿತು, ರ‍್ಯಾಗಿಂಗ್ ಯಾರಿಗೂ ಹೊಸದಲ್ಲ. ಕೋಚ್ ಅವನನ್ನು ಹುಲ್ಲಿನ ಗೊಂಬೆಯ ಬದಲಿಗೆ ನಿಲ್ಲಿಸಿ ಎಲ್ಲರಿಂದ ಗುದ್ದಿಸುವ ದೃಶ್ಯಕ್ಕೆ ‘ಬೆರ್ಚಪ್ಪ’ ಎಂಬ ಒಂದು ಪದ ಸಾಕು. ಪಾರ್ಟಿಗೆ ಹಾಕಿಕೊಂಡ ಸೂಟು ಕಚ್ಚಾ ಹೊಲಿಗೆಯಲ್ಲಿದೆ, ದರ್ಜಿಗೆ ತಲೆಸುತ್ತು ಬರುತ್ತದೆ ಎಂಬುದನ್ನು ಫಲಕವೇ ಹೇಳುತ್ತದೆ.

ಲಾಯ್ಡ್ 1919ರಲ್ಲಿ ನಕಲಿ ಎಂದುಕೊಂಡಿದ್ದ ಬಾಂಬು ಸಿಡಿದು ಬಲಗೈಯ ಹೆಬ್ಬೆರಳು ತೋರುಬೆರಳು ಕಳೆದುಕೊಂಡಿದ್ದ, ಕೈಗವಸಿನಲ್ಲಿ ಕೃತಕ ಬೆರಳಿಟ್ಟು ನಟಿಸುತ್ತಿದ್ದ. ಈ ಸಂಗತಿ ಚಿತ್ರ ಮುಗಿದ ಮೇಲೆ ಹೇಳಿ. ಮೊದಲೇ ಹೇಳಿದರೆ ಜನ 76 ನಿಮಿಷವೂ ಅವನ ಕೈಯನ್ನೇ ನೋಡುತ್ತಾರೆ. ಪಂದ್ಯವನ್ನು ಪ್ಯಾಸಡೀನಾದ ರೋಸ್ ಬೌಲ್ ಮೈದಾನದಲ್ಲಿ ತೆಗೆದದ್ದು, ತುಂಬಿದ ಜನಸಾಗರವನ್ನು 1924ರಲ್ಲಿ ಬರ್ಕ್ಲಿಯ ಕ್ರೀಡಾಂಗಣದಲ್ಲಿ ನಿಜವಾದ ಕಾಲೇಜು ಪಂದ್ಯದ ವಿರಾಮದಲ್ಲಿ ತೆಗೆದದ್ದು ಎಂಬುದನ್ನೂ ಆಗಲೇ ಸೇರಿಸಬಹುದು.

ವಾದ್ಯ

ಮೂವರು ಸಾಕು: ಕೀಬೋರ್ಡ್ ಅಥವಾ ಹಾರ್ಮೋನಿಯಂ, ಪಿಟೀಲು, ತಾಳವಾದ್ಯ. ನಿಮ್ಮ ಪ್ರತಿಯನ್ನು ನೋಡುತ್ತ ದೃಶ್ಯ ಬದಲಾಗುವ ನಿಮಿಷ ಸೆಕೆಂಡುಗಳನ್ನು ಒಂದು ಹಾಳೆಯಲ್ಲಿ ದೊಡ್ಡಕ್ಷರದಲ್ಲಿ ಬರೆದು ನುಡಿಸುವವರ ಮುಂದೆ ಇಡಿ. ಬೇರೆಯವರ ಪ್ರತಿಗೆ ಬರೆದ ಹಾಳೆ ನಿಮಗೆ ಹೊಂದುವುದಿಲ್ಲ. ಹೆರಾಲ್ಡ್‌ನ ಕುಣಿತಕ್ಕೆ ನಾಲ್ಕು ಸ್ವರದ ಒಂದು ಪುಟ್ಟ ತುಣುಕು ಕಟ್ಟಿ. ಅವನು ಕುಣಿದಾಗೆಲ್ಲ ಅದೇ ಬರಬೇಕು. ಜೋಬೀನಾ ರಾಲ್ಸ್‌ಟನ್ ನಟಿಸಿದ ನಾಯಕಿ ಪೆಗ್ಗಿಯ ಮಡಿಲಲ್ಲಿ ಮುಖ ಹುದುಗಿಸಿ ಅವನು ಅಳುವಾಗ ಅದೇ ತುಣುಕನ್ನು ಪಿಟೀಲು ಒಂದೇ ತಂತಿಯಲ್ಲಿ ನಿಧಾನವಾಗಿ ನುಡಿಸಲಿ. ತಾಳ ಪೂರ್ತಿ ಸುಮ್ಮನಿರಲಿ.

ಪಂದ್ಯಕ್ಕೆ ವಾಲಗದವರನ್ನು ಕರೆಸುವ ಆಸೆ ಎಲ್ಲರಿಗೂ ಬರುತ್ತದೆ. ಹೊಂದುತ್ತದೆ ಕೂಡ. ಆದರೆ ವಾಲಗ ಶುರುವಾದರೆ ಕೂತವರು ಕೂತಲ್ಲಿರುವುದಿಲ್ಲ, ಎದ್ದು ಕುಣಿಯುವವರ ನೆರಳು ಪರದೆಯ ಮೇಲೆ. ಕೊನೆಯ ಓಟಕ್ಕೆ ಮಾತ್ರ ಇಟ್ಟುಕೊಳ್ಳಿ. ಕಾರ್ಖಾನೆಯ ಸೀಟಿಗೆ ಕೊಂಬು ಹೇಳಿಮಾಡಿಸಿದ ಹಾಗಿರುತ್ತದೆ. ರೆಫರಿಯ ಸೀಟಿಗೆ ಹಾಕಿ ಅಂಪೈರಿನ ನಿಜವಾದ ಸೀಟಿಯನ್ನೇ ಊದಿ. ಎರಡರ ದನಿ ಬೇರೆಯಾಗಿ ಕೇಳಬೇಕು, ಹುಡುಗನಿಗೆ ಮಾತ್ರ ಅದು ಒಂದೇ ಆಗಿ ಕೇಳುತ್ತದೆ, ಜೋಕು ಇರುವುದೇ ಅಲ್ಲಿ. ದುಡಿ ಬಾರಿಸಿ ಹಾಡುವ ಪುತ್ತರಿಯ ದುಡಿಪಾಟ್ ಇದಕ್ಕೆ ಬೇಡ. ಅದಕ್ಕೆ ಅದರದೇ ಜಾಗ ಇದೆ, ಹಿರಿಯರಿಗೆ ನೋವಾಗುತ್ತದೆ.

ನುಡಿಸುವವರು ಸಿಗದೆ ರೆಕಾರ್ಡ್ ಮಾಡಿದ ಸಂಗೀತವೇ ಗತಿಯಾದರೆ ಬ್ಲೂಟೂತ್ ಸ್ಪೀಕರ್ ಬಳಸಬೇಡಿ. ಕಾಲು ಸೆಕೆಂಡಿನಷ್ಟು ಹಿಂದೆ ಬೀಳುತ್ತದೆ, ಚೆಂಡು ಕೆಳಗೆ ಬಿದ್ದ ಮೇಲೆ ಸೀಟಿ ಕೇಳಿದರೆ ಅರ್ಥವಿಲ್ಲ. ವೈರ್ ಹಾಕಿ. ತಾಲೀಮು ಎರಡು ಸಲ: ಮೊದಲನೆಯದು ಪೂರ್ತಿ ಚಿತ್ರಕ್ಕೆ, ಎರಡನೆಯದು ಕೊನೆಯ ಇಪ್ಪತ್ತು ನಿಮಿಷವನ್ನೇ ಮೂರು ಬಾರಿ.

ವಿರಾಮ ಎಲ್ಲಿ

ನಮ್ಮ ಜನಕ್ಕೆ ವಿರಾಮ ಬೇಕು, ಚಳಿಗೆ ಬೆಲ್ಲದ ಕಾಫಿಯೂ ಬೇಕು. ಫುಟ್‌ಬಾಲ್ ತಾಲೀಮು ಮುಗಿದು ಪಾರ್ಟಿ ಶುರುವಾಗುವ ಮೊದಲು, ಹೆಚ್ಚುಕಡಿಮೆ ಚಿತ್ರದ ನಡುವಿಗೆ, ನಿಲ್ಲಿಸಿ. ಪಾರ್ಟಿಗೂ ಪಂದ್ಯಕ್ಕೂ ನಡುವೆ ಮಾತ್ರ ಎಂದಿಗೂ ಬೇಡ. ಪಾರ್ಟಿಯಲ್ಲಿ ಅವನಿಗೆ ನಿಜ ಗೊತ್ತಾಗುತ್ತದೆ, ಅಳುತ್ತಾನೆ, ಅದೇ ನೋವಿನಲ್ಲಿ ಬೆಂಚಿಗೆ ಬಂದು ಕೂರುತ್ತಾನೆ. ಅಲ್ಲಿ ಬೋಂಡಾ ತಿನ್ನಲು ಎದ್ದವರು ತಿರುಗಿ ಬಂದು ಕೂತಾಗ ಅವನು ಮತ್ತೆ ಬರೀ ಪೆದ್ದನಾಗಿರುತ್ತಾನೆ. ವಿರಾಮದಲ್ಲಿ ಒಬ್ಬರು ಪರದೆಯ ಟ್ಯೂಬುಗಳನ್ನು ಬಿಗಿ ಮಾಡಲಿ, ಇನ್ನೊಬ್ಬರು ಲೆನ್ಸನ್ನು ಒಣ ಹತ್ತಿಬಟ್ಟೆಯಿಂದ ಮೆಲ್ಲನೆ ಒರೆಸಲಿ. ಬಾಯಿಂದ ಊದಬೇಡಿ, ಉಸಿರಿನ ಹಬೆ ಇಬ್ಬನಿಗಿಂತ ಕಡೆ.

ಟಚ್‌ಡೌನ್ ಆದ ಕೂಡಲೇ ಜನ ಎದ್ದು ಚಪ್ಪಾಳೆ ಹೊಡೆಯುತ್ತಾರೆ. ದೀಪದ ಸ್ವಿಚ್ಚಿನ ಹತ್ತಿರ ಇರುವವರು ಅದನ್ನು ನೋಡಿ ದೀಪ ಹಾಕಿಬಿಡುತ್ತಾರೆ. ಹಾಕಕೂಡದು. ಇಡೀ ಕಾಲೇಜು ಅವನ ಕುಣಿತವನ್ನು ಅನುಕರಿಸುವುದು, ಪೆಗ್ಗಿಯ ಚೀಟಿ ಓದುತ್ತ ಸ್ನಾನದ ಕೋಣೆಯಲ್ಲಿ ಮೈಮರೆತು ಒರಗಿ ಷವರಿನಡಿ ತೊಯ್ದುಹೋಗುವುದು, ಇವೆರಡೂ ಇನ್ನೂ ಬಾಕಿ. ಕೊನೆಯ ಫಲಕ ಮೂಡಿ ಮರೆಯಾಗಿ, ಒಂದರಿಂದ ಐದು ಎಣಿಸಿ, ಆಮೇಲೆ ದೀಪ.

ಪ್ರೊಜೆಕ್ಟರಿನ ಬಲ್ಬ್ ಆರಿಸಿದ ಮೇಲೆ ಫ್ಯಾನ್ ತಾನಾಗಿ ನಿಲ್ಲುವವರೆಗೆ ಪ್ಲಗ್ ಕೀಳಬೇಡಿ. ಪರದೆ ಒದ್ದೆಯಿರುತ್ತದೆ, ಹಾಗೇ ಮಡಚಿಟ್ಟರೆ ವಾರದಲ್ಲಿ ಬೂಸ್ಟು ಹಿಡಿದು ಕರೀ ಚುಕ್ಕೆ ಬೀಳುತ್ತದೆ, ಒಗೆದರೂ ಹೋಗುವುದಿಲ್ಲ. ಸಡಿಲವಾಗಿ ಬಿದಿರಿಗೆ ಸುತ್ತಿ ಮನೆಗೆ ಒಯ್ದು, ಮಾರನೆಯ ದಿನ ಹತ್ತು ಗಂಟೆಯ ಬಿಸಿಲಿಗೆ ಹರವಿ. ಟಾರ್ಪಾಲನ್ನೂ ಅದೇ ದಿನ ವಾಪಸ್ ಮುಟ್ಟಿಸಿ, ಕಣದಲ್ಲಿ ಕಾಫಿ ಕಾಯುತ್ತಿರುತ್ತದೆ.